ಬಣ್ಣದ ಜಾತಕ ಕೇಳಿ, ಆಮೇಲೆ ಮೈಕ್ರೋಸ್ಕೋಪಿಗೆ ದುಡ್ಡು ಕೊಡಿ

ಇವರಿಗೆ,
ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ, ಕರ್ನಾಟಕ ಸರ್ಕಾರ. ಹಾಗೂ ರಾಜ್ಯದ ವಿಶ್ವವಿದ್ಯಾಲಯಗಳ, ವೈದ್ಯಕೀಯ ಸಂಶೋಧನಾ ಸಂಸ್ಥೆಗಳ ಅನುದಾನ ಸಮಿತಿ ಮತ್ತು ಖರೀದಿ ಸಮಿತಿಗಳ ಸದಸ್ಯರಿಗೆ.

ವಿಷಯ: ಕ್ಯಾನ್ಸರ್ ಪತ್ತೆ ಸಂಶೋಧನೆಗೆ ಬೇಕಾದ ಪೆಪ್ಟೈಡ್ (ಅಮೈನೊ ಆಮ್ಲಗಳ ಸಣ್ಣ ಸರಪಳಿ) ಮತ್ತು ಹೊಳೆಯುವ ಬಣ್ಣಗಳ ತಯಾರಿಕೆ, ತಪಾಸಣೆ, ಖರೀದಿ ಕುರಿತು.

ಮಾನ್ಯರೇ,

ಕ್ಯಾನ್ಸರ್ ಪತ್ತೆಯ ಯೋಜನೆಗಳಲ್ಲಿ ಕಾನ್‌ಫೋಕಲ್ ಮೈಕ್ರೋಸ್ಕೋಪಿಗೆ, ಇಲಿಗಳ ಚಿತ್ರ ತೆಗೆಯುವ ಯಂತ್ರಕ್ಕೆ ದೊಡ್ಡ ಮೊತ್ತ ಕೇಳುತ್ತಾರೆ, ನೀವೂ ಯೋಚಿಸಿ ಕೊಡುತ್ತೀರಿ. ಆ ಯಂತ್ರದ ಕಣ್ಣಿಗೆ ಬೀಳುವಂತೆ ಗಡ್ಡೆಯೊಳಗೆ ಹೊಳೆಯಬೇಕಾದ ವಸ್ತು, ಅಂದರೆ ಬಣ್ಣ ಕಟ್ಟಿದ ಪೆಪ್ಟೈಡ್, ಮಾತ್ರ ‘ಕನ್ಸ್ಯೂಮಬಲ್ಸ್’ ಸಾಲಿನಲ್ಲಿ ಟಿಪ್ಪು, ಗ್ಲೌಸುಗಳ ಜೊತೆ ಸೇರಿಹೋಗಿರುತ್ತದೆ. ಇರುವುದು ಐದೋ ಹತ್ತೋ ಮಿಲಿಗ್ರಾಂ. ಅದನ್ನು ಯಾರು ತಯಾರಿಸಿದರು, ಶೀಶೆಯೊಳಗೆ ಇರುವುದು ಚೀಟಿಯಲ್ಲಿ ಬರೆದದ್ದೇ ಹೌದೇ ಎಂದು ಕೇಳುವವರು ಕಡಿಮೆ. ಹೌದಲ್ಲದಿದ್ದರೆ ಕೋಟಿಯ ಯಂತ್ರ ತಪ್ಪು ವಸ್ತುವಿನ ಸೊಗಸಾದ ಚಿತ್ರ ತೆಗೆಯುತ್ತದೆ, ಅಷ್ಟೇ. ಹೆಣ್ಣು ಕೊಡುವಾಗ ಜಾತಕ ಕೇಳುವ ನಾಡು ನಮ್ಮದು. ಬಣ್ಣಕ್ಕೂ ಒಂದು ಜಾತಕ ಕೇಳಿ ಎಂಬುದು ಈ ಪತ್ರದ ಕೋರಿಕೆ.

ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಹೊಳೆಯುವ ಬಣ್ಣಗಳು ಹೊಸ ಕನಸೇನಲ್ಲ. ಇಂಡೋಸಯನೀನ್ ಗ್ರೀನ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಸಿಕ್ಕಿದ್ದು 1959ರಲ್ಲಿ. ಮಿದುಳಿನ ಗಡ್ಡೆಗೆ 5-ಎಎಲ್‌ಎ 2017ರಲ್ಲಿ ಬಂತು. ಅದು ತಾನೇ ಬಣ್ಣವಲ್ಲ, ಜೀವಕೋಶದೊಳಗೆ ಹೋಗಿ ಪಾರ್ಫಿರಿನ್ ಆದಮೇಲೆ ಕೆಂಪಗೆ ಹೊಳೆಯುತ್ತದೆ. ಫೋಲೇಟ್‌ಗೆ ಬಣ್ಣ ಕಟ್ಟಿದ ಪಾಫೊಲಾಸಯನೀನ್ ಅಂಡಾಶಯದ ಕ್ಯಾನ್ಸರ್‌ಗೆ 2021ರಲ್ಲಿ, ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಗೆ ಪೆಗುಲಿಸಯನೀನ್ 2024ರಲ್ಲಿ ಒಪ್ಪಿಗೆ ಪಡೆದವು. ಪೆಗುಲಿಸಯನೀನ್‌ನಲ್ಲಿ ಬಣ್ಣದ ಪಕ್ಕದಲ್ಲೇ ಬೆಳಕು ನುಂಗುವ ಇನ್ನೊಂದು ಅಣು ಇದೆ, ಎರಡನ್ನೂ ಸಣ್ಣದೊಂದು ಪೆಪ್ಟೈಡ್ ಹಿಡಿದುಕೊಂಡಿದೆ. ಗಡ್ಡೆಯ ಸುತ್ತ ಹೆಚ್ಚಿರುವ ಕಿಣ್ವಗಳು ಆ ಪೆಪ್ಟೈಡನ್ನು ಕತ್ತರಿಸಿದಾಗ ದೀಪ ಹತ್ತುತ್ತದೆ. ತೀವ್ರ ಅಲರ್ಜಿಯ ಎಚ್ಚರಿಕೆಯೂ ಅದರ ಔಷಧದ ಚೀಟಿಯಲ್ಲಿ ಚೌಕಟ್ಟಿನೊಳಗೆ ಅಚ್ಚಾಗಿದೆ. ಒಪ್ಪಿಗೆ ಪಡೆದ ವಸ್ತುವಿಗೇ ಇಷ್ಟು ಎಚ್ಚರ ಬೇಕಾದರೆ, ಮನುಷ್ಯರ ಮೈಗೆ ಹೋಗುವ ವಸ್ತುವಿನಲ್ಲಿ ಏನಿದೆಯೆಂದು ತಿಳಿಯದೆ ಇರುವುದು ಸಲ್ಲದು.

ನಮ್ಮಲ್ಲಿ ಇದರ ಅಗತ್ಯ ಬೇರೆಯವರಿಗಿಂತ ಹೆಚ್ಚು. ತಂಬಾಕು, ಗುಟ್ಕಾದ ದೆಸೆಯಿಂದ ಬಾಯಿ ಕ್ಯಾನ್ಸರ್ ಇಲ್ಲಿ ಸಾಮಾನ್ಯ. ಬಾಯಿಯ ಶಸ್ತ್ರಚಿಕಿತ್ಸೆಯಲ್ಲಿ ಗಡ್ಡೆಯ ಅಂಚು ಎಲ್ಲಿ ಮುಗಿಯಿತು ಎನ್ನುವುದೇ ಪ್ರಶ್ನೆ: ಹೆಚ್ಚು ಕೊಯ್ದರೆ ಮಾತು, ನುಂಗುವುದು ಹೋಗುತ್ತದೆ, ಕಡಿಮೆ ಕೊಯ್ದರೆ ರೋಗ ಮರಳುತ್ತದೆ. ಆದರೆ ಬಾಯಿ ಬಣ್ಣಗಾರರಿಗೆ ಕಷ್ಟದ ಜಾಗ. ಅಲ್ಲಿನ ಕೊಲಾಜನ್, ಕೆರಟಿನ್ ತಾವಾಗಿಯೇ ಹಸಿರಾಗಿ ಹೊಳೆಯುತ್ತವೆ, ಹಲ್ಲಿನ ಸಂದಿಯ ಬ್ಯಾಕ್ಟೀರಿಯಾದ ಪಾರ್ಫಿರಿನ್ ನೀಲಿ-ನೇರಳೆ ಬೆಳಕಿನಲ್ಲಿ ಕೆಂಪಾಗಿ ಹೊಳೆಯುತ್ತದೆ. ಸೋವಿ ಎಂದು ಹಸಿರು ಫ್ಲೋರೆಸೀನ್ ಹಾಕಿದರೆ ಗಡ್ಡೆ ಯಾವುದು, ಬಾಯಿ ಯಾವುದು ತಿಳಿಯುವುದಿಲ್ಲ. ಸಾಲದ್ದಕ್ಕೆ ಫ್ಲೋರೆಸೀನ್‌ನ ಪಿಕೆಎ (ಅರ್ಧದಷ್ಟು ಅಣುಗಳು ಪ್ರೋಟಾನ್ ಹೊತ್ತುಕೊಳ್ಳುವ ಪಿಎಚ್) ಸುಮಾರು 6.4; ಗಡ್ಡೆಯ ಸುತ್ತಲಿನ ಹುಳಿಯಲ್ಲಿ ಅದರ ಹೊಳಪು ಇಳಿಯುತ್ತದೆ. ರಕ್ತದ ಹಿಮೋಗ್ಲೋಬಿನ್ ಬೆಳಕು ನುಂಗುವುದು ಕಡಿಮೆಯಾಗುವ 650ರಿಂದ 900 ನ್ಯಾನೊಮೀಟರ್ ನಡುವೆ ಕೆಲಸ ಮಾಡಬೇಕು. ಅಂದರೆ ಸೈ5, ಸೈ7, ಇಂಡೋಸಯನೀನ್ ಜಾತಿಯ ಬಣ್ಣಗಳು. ಇವು ದುಬಾರಿ, ನಾಜೂಕು. ಕೆಲವೇ ಮಿಲಿಗ್ರಾಂಗೆ ಹತ್ತಾರು ಸಾವಿರ ರೂಪಾಯಿ ಆಗುತ್ತದೆ.

ತಯಾರಿಕೆಯ ಖರ್ಚು ಎಲ್ಲಿ, ತಪ್ಪು ಎಲ್ಲಿ ಎಂದು ನಿಮಗೆ ಗೊತ್ತಾಗಲು ಒಂದೇ ಒಂದು ಉದಾಹರಣೆ ಹಿಡಿದು ಹೋಗೋಣ. ಆರ್‌ಜಿಡಿ ಪೆಪ್ಟೈಡ್: ಆರ್ಜಿನಿನ್, ಗ್ಲೈಸಿನ್, ಆಸ್ಪಾರ್ಟಿಕ್ ಆಮ್ಲ, ಡಿ-ಫಿನೈಲ್‌ಅಲನಿನ್, ಲೈಸಿನ್ ಎಂಬ ಐದು ಅಮೈನೊ ಆಮ್ಲಗಳ ಉಂಗುರ. ಹಲವು ಗಡ್ಡೆಗಳಲ್ಲೂ ಅವಕ್ಕೆ ಬೆಳೆಯುವ ಹೊಸ ರಕ್ತನಾಳಗಳಲ್ಲೂ ಹೆಚ್ಚಿರುವ ಆಲ್ಫಾ-ವಿ ಬೀಟಾ-3 ಇಂಟೆಗ್ರಿನ್ ಎಂಬ ಜೀವಕೋಶದ ಮೈಮೇಲಿನ ಪ್ರೋಟೀನಿಗೆ ಇದು ಅಂಟುತ್ತದೆ. ಮಾಡುವ ದಾರಿ 1963ರಲ್ಲಿ ರಸಾಯನಶಾಸ್ತ್ರಜ್ಞ ಮೆರಿಫೀಲ್ಡ್ ತೋರಿಸಿದ್ದೇ, ಅದಕ್ಕೆ 1984ರಲ್ಲಿ ನೊಬೆಲ್ ಬಂತು: ರೆಸಿನ್ ಮಣಿಗೆ ಮೊದಲ ಅಮೈನೊ ಆಮ್ಲ ಕಟ್ಟಿ, ಒಂದೊಂದಾಗಿ ಪೋಣಿಸಿ, ಪ್ರತಿ ಸಲ ತೊಳೆಯುವುದು. ಹೂ ಕಟ್ಟಿದ ಹಾಗೆ, ಆದರೆ ಇಲ್ಲಿ ಒಂದು ಹೂ ತಪ್ಪಿದರೆ ಕಣ್ಣಿಗೆ ಕಾಣುವುದಿಲ್ಲ.

0.1 ಮಿಲಿಮೋಲ್ ಲೆಕ್ಕಕ್ಕೆ, ಗ್ರಾಂಗೆ 0.5 ಮಿಲಿಮೋಲ್ ತುಂಬಿದ 2-ಕ್ಲೋರೊಟ್ರೈಟೈಲ್ ರೆಸಿನ್ 200 ಮಿ.ಗ್ರಾಂ ಸಾಕು. ಮೊದಲು ಕೂರಿಸುವುದು ಗ್ಲೈಸಿನ್, ಕೊನೆಗೆ ಆಸ್ಪಾರ್ಟಿಕ್ ಆಮ್ಲ. ಈ ಕ್ರಮಕ್ಕೆ ಕಾರಣವಿದೆ. ಉಂಗುರ ಮುಚ್ಚುವಾಗ ಬಾಲದ ತುದಿಯ ಅಮೈನೊ ಆಮ್ಲ ಎಡ-ಬಲ ತಿರುಗಿಬಿಡುವ ಅಪಾಯ ಇರುತ್ತದೆ. ಗ್ಲೈಸಿನ್‌ಗೆ ಎಡ-ಬಲವೇ ಇಲ್ಲ. ಆಸ್ಪಾರ್ಟಿಕ್ ಆಮ್ಲಕ್ಕೆ ಪಿಪೆರಿಡಿನ್ (ಪ್ರತಿ ಸುತ್ತಿನಲ್ಲಿ ಕವಚ ತೆಗೆಯುವ ಕ್ಷಾರ) ತಗುಲಿದಷ್ಟೂ ಅದು ತನ್ನಲ್ಲೇ ಮಡಚಿಕೊಂಡು ಆಸ್ಪಾರ್ಟಿಮೈಡ್ ಆಗುತ್ತದೆ. ಕೊನೆಗೆ ಹಾಕಿದರೆ ಒಂದೇ ಸಲ ತಗುಲುತ್ತದೆ. ಈ ರೆಸಿನ್‌ಗೆ ನೀರು ಆಗದು. ಫ್ರೀಜರಿನಿಂದ ತೆಗೆದ ಬಾಟಲಿಯನ್ನು ಮಳೆಗಾಲದಲ್ಲಿ ತಕ್ಷಣ ತೆರೆದರೆ ಒಳಗೋಡೆಗೆ ಇಬ್ಬನಿ ಕೂರುತ್ತದೆ, ಕ್ಲೋರೈಡ್ ಹೋಗಿ ಆಲ್ಕೊಹಾಲ್ ಉಳಿಯುತ್ತದೆ, ತುಂಬುವಿಕೆ ಇಳಿಯುತ್ತದೆ. ಡೆಸಿಕೇಟರಿನಲ್ಲಿ ಒಂದು ಗಂಟೆ ಇಟ್ಟು ಕೋಣೆಯ ಬಿಸಿಗೆ ಬಂದಮೇಲೆ ಮುಚ್ಚಳ ತೆಗೆಯಬೇಕು. ಮಂಗಳೂರಿನಲ್ಲಂತೂ ಇದು ಜುಲೈಯ ನಿಯಮವಲ್ಲ, ವರ್ಷವಿಡೀ.

ಪ್ರತಿ ಸುತ್ತಿನಲ್ಲಿ ಶೇ 20ರ ಪಿಪೆರಿಡಿನ್ ಮೊದಲು 5, ಮತ್ತೆ 15 ನಿಮಿಷ ಹಾಕಿ, ಅಮೈನೊ ಆಮ್ಲದ ತುದಿಯ ತಾತ್ಕಾಲಿಕ ಕವಚವಾದ ಎಫ್‌ಮಾಕ್ ತೆಗೆಯಬೇಕು. ಐದು ಸಲ ಡಿಎಂಎಫ್ ಎಂಬ ದ್ರಾವಕದಲ್ಲಿ ತೊಳೆದು, ಮುಂದಿನ ಅಮೈನೊ ಆಮ್ಲ ನಾಲ್ಕು ಪಟ್ಟು (ಆರ್ಜಿನಿನ್ ಆದರೆ ಸುಮಾರು 260 ಮಿ.ಗ್ರಾಂ), ಅದನ್ನು ಚುರುಕುಗೊಳಿಸುವ ಎಚ್‌ಬಿಟಿಯು ಅದಕ್ಕಿಂತ ಒಂದು ಕೂದಲು ಕಡಿಮೆ, ಡೈಐಸೊಪ್ರೊಪೈಲ್‌ಈಥೈಲ್‌ಅಮೈನ್ ಎಂಬ ಕ್ಷಾರ ಎಂಟು ಪಟ್ಟು ಸೇರಿಸಿ 45 ನಿಮಿಷ ಅಲುಗಾಡಿಸಬೇಕು. ಮತ್ತೆ ಐದು ತೊಳೆತ. ಆರ್ಜಿನಿನ್ ಸೋಮಾರಿ. ಅದು ಚುರುಕುಗೊಂಡೊಡನೆ ತನ್ನಲ್ಲೇ ಸುತ್ತಿಕೊಂಡು ಲ್ಯಾಕ್ಟಮ್ ಆಗುವುದರಿಂದ ಎರಡು ಸಲ ಹಾಕಲೇಬೇಕು. ಪ್ರತಿ ಸಲವೂ ನಾಲ್ಕಾರು ಮಣಿ ತೆಗೆದು ನಿನ್‌ಹೈಡ್ರಿನ್ ಪರೀಕ್ಷೆ: ಬಿಸಿ ಮಾಡಿದಾಗ ಹಳದಿ ಉಳಿದರೆ ಮುಂದಕ್ಕೆ, ನೀಲಿ ಬಂದರೆ ಇನ್ನೊಮ್ಮೆ. ‘ಸ್ವಲ್ಪ ನೀಲಿ’ ಎಂದು ಮುಂದೆ ಹೋದವರಿಗೆ ಕೊನೆಯಲ್ಲಿ ಒಂದು ಅಮೈನೊ ಆಮ್ಲ ಕಡಿಮೆಯಿರುವ ಪೆಪ್ಟೈಡ್ ಸಿಗುತ್ತದೆ, ಮತ್ತು ಅದು ಶುದ್ಧಿ ಮಾಡುವ ಕಾಲಂನಲ್ಲಿ ಅಸಲಿಯ ಪಕ್ಕಕ್ಕೇ ಬಂದು ಕೂರುತ್ತದೆ.

ಡಿಎಂಎಫ್ ಹಳೆಯದಾದರೆ ಒಡೆದು ಡೈಮೀಥೈಲ್‌ಅಮೈನ್ ಆಗುತ್ತದೆ, ಮೀನಿನ ವಾಸನೆ ಬರುತ್ತದೆ. ಅದು ಎಫ್‌ಮಾಕ್ ಅನ್ನು ಹೇಳದೆ ಕೇಳದೆ ತೆಗೆದುಬಿಡುವುದರಿಂದ ಒಂದೇ ಅಮೈನೊ ಆಮ್ಲ ಎರಡು ಸಲ ಸೇರುತ್ತದೆ. ಬೇಸಿಗೆಯಲ್ಲಿ ಶೀಟಿನ ಸೂರಿನಡಿ ಬಿದ್ದಿರುವ ಸ್ಟೋರ್ಸಿನ ಡ್ರಮ್ಮು ಈ ಕೆಲಸಕ್ಕೆ ಬಾರದು.

ಸರಪಳಿ ಮುಗಿದಮೇಲೆ ಶೇ 20ರ ಹೆಕ್ಸಾಫ್ಲೋರೊಐಸೊಪ್ರೊಪನಾಲ್ ಅರ್ಧ ಗಂಟೆ ಹಾಕಿದರೆ ಪಕ್ಕದ ಕವಚಗಳು ಹಾಗೇ ಉಳಿದು ಸರಪಳಿ ಮಾತ್ರ ಮಣಿಯಿಂದ ಬಿಡುತ್ತದೆ. ಅದನ್ನು 100 ಮಿ.ಲೀ. ಡಿಎಂಎಫ್‌ನಲ್ಲಿ, ಅಂದರೆ 1 ಮಿಲಿಮೋಲಾರ್‌ನಷ್ಟು ತೆಳುವಾಗಿ, ಉಂಗುರ ಮುಚ್ಚಿಸುವ ಡಿಪಿಪಿಎ ಮತ್ತು ಸೋಡಿಯಂ ಬೈಕಾರ್ಬನೇಟ್ ಜೊತೆ ಒಂದು ದಿನ ಕಲಕಬೇಕು. ದ್ರಾವಕ ಉಳಿಸಲೆಂದು 10 ಮಿ.ಲೀ.ನಲ್ಲಿ ಮಾಡಿದರೆ ತಲೆ ತನ್ನ ಬಾಲ ಹುಡುಕುವ ಬದಲು ಪಕ್ಕದವನ ಬಾಲ ಹಿಡಿಯುತ್ತದೆ, ಜೋಡಿ ಉಂಗುರ ಹುಟ್ಟುತ್ತದೆ. ಆಮೇಲೆ ಟಿಎಫ್‌ಎ (ಟ್ರೈಫ್ಲೋರೊಅಸಿಟಿಕ್ ಆಮ್ಲ) 95, ಟ್ರೈಐಸೊಪ್ರೊಪೈಲ್‌ಸಿಲೇನ್ 2.5, ನೀರು 2.5 ಪಾಲಿನಲ್ಲಿ ಮೂರು ಗಂಟೆ ಇಟ್ಟು ಕವಚ ತೆಗೆದು, ತಣ್ಣನೆಯ ಈಥರ್‌ನಲ್ಲಿ ಬೀಳಿಸಿ, ಸಿ18 ಕಾಲಂನಲ್ಲಿ ಶುದ್ಧಿ.

ಮಾಸ್ ಸ್ಪೆಕ್ಟ್ರಮ್‌ನಲ್ಲಿ (ಅಣುವಿನ ತೂಕವನ್ನು ಅದರ ವಿದ್ಯುದಂಶದಿಂದ ಭಾಗಿಸಿ ತೋರಿಸುವ ಚಿತ್ರ) 604.3 ಕಂಡಿತು, ಕೆಲಸ ಆಯಿತು ಎಂದು ಬರೆಯುವವರು ಎಡವುವುದು ಇಲ್ಲೇ. ಒಂಟಿ ಉಂಗುರ ಒಂದು ಪ್ರೋಟಾನ್ ಹೊತ್ತರೆ 604.3. ಜೋಡಿ ಉಂಗುರ ಎರಡು ಪ್ರೋಟಾನ್ ಹೊತ್ತರೂ 604.3! ಆ ಪೀಕನ್ನು ಹಿಗ್ಗಿಸಿ ನೋಡಬೇಕು: ಐಸೊಟೋಪ್ ಗೆರೆಗಳ ನಡುವೆ ಪೂರ್ತಿ ಒಂದರ ಅಂತರವಿದ್ದರೆ ಒಂಟಿ, ಅರ್ಧವಿದ್ದರೆ ಜೋಡಿ. 622.3 ಕಂಡರೆ ಉಂಗುರ ಮುಚ್ಚಿಯೇ ಇಲ್ಲ, ಒಂದು ನೀರಿನಷ್ಟು ಹೆಚ್ಚು. ನಿಮ್ಮ ಮುಂದೆ ಬರುವ ವರದಿಯಲ್ಲಿ ಈ ಹಿಗ್ಗಿಸಿದ ಚಿತ್ರ ಇದೆಯೇ ಎಂದು ರಸಾಯನಶಾಸ್ತ್ರ ಓದದವರೂ ನೋಡಬಹುದು.

ಇನ್ನು ತೂಕ. ಕಾಗದದ ಮೇಲೆ 60 ಮಿ.ಗ್ರಾಂ ಬರಬೇಕು, ಶುದ್ಧಿಯಾದಮೇಲೆ ಕೈಗೆ ಬರುವುದು ಅದರ ಕಾಲುಭಾಗ, ಹೆಚ್ಚೆಂದರೆ ಅರ್ಧ. ಆ ಬಿಳಿ ಪುಡಿ ಕೂಡ ಪೂರ್ತಿ ಪೆಪ್ಟೈಡ್ ಅಲ್ಲ. ಆರ್ಜಿನಿನ್‌ಗೊಂದು, ಲೈಸಿನ್‌ಗೊಂದು ಟಿಎಫ್‌ಎ ಅಂಟಿಕೊಂಡಿದ್ದರೆ ಅಣುತೂಕ 604 ಹೋಗಿ 832 ಆಗುತ್ತದೆ. 5 ಮಿ.ಗ್ರಾಂ ತೂಗಿದರೆ 8.3 ಮೈಕ್ರೋಮೋಲ್ ಎಂದುಕೊಳ್ಳುತ್ತೇವೆ, ಇರುವುದು 6.0. ಇದಕ್ಕೆ ಲೈಸಿನ್‌ಗೆ ಅಂಟಬಲ್ಲ ಬಣ್ಣವಾದ ಸಲ್ಫೋ-ಸೈ5 ಎನ್‌ಎಚ್‌ಎಸ್ ಎಸ್ಟರ್ 5 ಮಿ.ಗ್ರಾಂ (ಅಣುತೂಕ ಸುಮಾರು 780, ಅಂದರೆ 6.4 ಮೈಕ್ರೋಮೋಲ್) ಸುರಿದಾಗ ಪೆಪ್ಟೈಡೇ ಹೆಚ್ಚಿದೆ ಎಂಬ ಭರವಸೆ ಸುಳ್ಳಾಗಿ ಬಣ್ಣವೇ ಹೆಚ್ಚಾಗಿರುತ್ತದೆ. ಆ ಹೆಚ್ಚಿನದು ಬಿಡಿ ಬಣ್ಣವಾಗಿ ಉಳಿಯುತ್ತದೆ. ಸರಿಯಾದ ಲೆಕ್ಕಕ್ಕೆ ಅದೇ ಬಣ್ಣಕ್ಕೆ 6.4 ಮಿ.ಗ್ರಾಂ ಪುಡಿ ತೂಗಬೇಕು. ಆಗ ಪೆಪ್ಟೈಡ್ 1.2 ಪಟ್ಟು ಇರುತ್ತದೆ.

ಬಣ್ಣ ಕಟ್ಟುವುದು ನೋಡಲು ಸುಲಭ: ಅರ್ಧ ಮಿ.ಲೀ. ಒಣ ಡಿಎಂಎಸ್‌ಒ, 5 ಮೈಕ್ರೋಲೀಟರ್ ಡೈಐಸೊಪ್ರೊಪೈಲ್‌ಈಥೈಲ್‌ಅಮೈನ್, ಕತ್ತಲಲ್ಲಿ ಎರಡು ಗಂಟೆ. ಉಂಗುರದಲ್ಲಿ ಬಣ್ಣ ಹಿಡಿಯಬಲ್ಲ ಅಮೈನ್ ಲೈಸಿನ್‌ನದೊಂದೇ, ಆದ್ದರಿಂದ ಗೊಂದಲವಿಲ್ಲ. ಡೈಐಸೊಪ್ರೊಪೈಲ್‌ಈಥೈಲ್‌ಅಮೈನ್ ಕಡಿಮೆ ಹಾಕಿದರೆ ಅದೆಲ್ಲ ಟಿಎಫ್‌ಎ ತಣಿಸುವುದರಲ್ಲೇ ಮುಗಿದು ಲೈಸಿನ್ ಪ್ರೋಟಾನ್ ಹೊತ್ತು ಸುಮ್ಮನೆ ಕೂರುತ್ತದೆ. ನೀರಿನ ಬಫರಿನಲ್ಲಿ ಮಾಡುವವರು ಗಡಿಯಾರ ನೋಡಬೇಕು: ಎನ್‌ಎಚ್‌ಎಸ್ ಎಸ್ಟರಿನ ಅರ್ಧಾಯುಷ್ಯ ಪಿಎಚ್ 7, 0 ಡಿಗ್ರಿಯಲ್ಲಿ ನಾಲ್ಕೈದು ಗಂಟೆ, ಪಿಎಚ್ 8.6, 4 ಡಿಗ್ರಿಯಲ್ಲಿ ಹತ್ತೇ ನಿಮಿಷ. ಟ್ರಿಸ್ ಬಫರನ್ನಂತೂ ಮುಟ್ಟಬಾರದು. ಟ್ರಿಸ್ ತಾನೇ ಅಮೈನ್, ಬಣ್ಣವನ್ನೆಲ್ಲ ತಾನೇ ಉಣ್ಣುತ್ತದೆ. ಇಲ್ಲೂ ಹಳೆಯ ಡಿಎಂಎಫ್ ಬಳಸಿದ್ದರೆ ಅದರ ಬೆರಳಚ್ಚು ಸಿಗುತ್ತದೆ: ಬಣ್ಣದ ಆಮ್ಲಕ್ಕಿಂತ ಸರಿಯಾಗಿ 27 ಹೆಚ್ಚಿರುವ ಪೀಕ್. ಅದು ಡೈಮೀಥೈಲ್‌ಅಮೈನ್ ಕಚ್ಚಿಕೊಂಡ ಬಣ್ಣ, ಇನ್ನು ಯಾವ ಪೆಪ್ಟೈಡಿಗೂ ಅಂಟದು.

ನೇರ ಸರಪಳಿಯ ಪೆಪ್ಟೈಡಿನ ತುದಿಗೆ ಎಫ್‌ಐಟಿಸಿ ಎಂಬ ಹಸಿರು ಬಣ್ಣ ಹಾಕುವವರಿಗೆ ಇನ್ನೊಂದು ಮಾತು. ನಡುವೆ ಅಮೈನೊಹೆಕ್ಸನಾಯಿಕ್ ಆಮ್ಲದ ಸೇತುವೆ ಇಡದೆ ಟಿಎಫ್‌ಎಗೆ ಇಳಿಸಿದರೆ, ಪ್ರೋಟೀನಿನ ಅನುಕ್ರಮ ಓದಲು ಬಳಸುವ ಎಡ್ಮನ್ ವಿಧಾನದ್ದೇ ಕ್ರಿಯೆ ನಡೆದು, ಬಣ್ಣ ತನ್ನ ಜೊತೆ ಮೊದಲ ಅಮೈನೊ ಆಮ್ಲವನ್ನೂ ಕಿತ್ತುಕೊಂಡು ಹೊರಡುತ್ತದೆ. ಸೇತುವೆಗೆ ತಗಲುವ ಖರ್ಚು ಜುಜುಬಿ. ಆರ್ಡರ್ ಹಾಕುವಾಗ ಬರೆಯದಿದ್ದರೆ ಮಾಡುವವರು ತಾವಾಗಿ ಹಾಕಬೇಕೆಂದೇನೂ ಇಲ್ಲ.

ಈಗ ಈ ಪತ್ರದ ಮುಖ್ಯ ಮಾತಿಗೆ ಬರೋಣ: ಶುದ್ಧಿಯ ಕಾಗದ. ಎಚ್‌ಪಿಎಲ್‌ಸಿ ಎಂದರೆ ಮಿಶ್ರಣವನ್ನು ಕಾಲಂನಲ್ಲಿ ಬೇರ್ಪಡಿಸಿ ಬೆಳಕಿನಿಂದ ಅಳೆಯುವ ಪರೀಕ್ಷೆ. ‘ಎಚ್‌ಪಿಎಲ್‌ಸಿ ಶುದ್ಧತೆ ಶೇ 95’ ಎಂದರೆ ಯಾವ ತರಂಗಾಂತರದಲ್ಲಿ? ಬಣ್ಣ ಕಟ್ಟಿದ ಪೆಪ್ಟೈಡಿನಲ್ಲಿ ಎರಡು ಬಗೆಯ ಕೊಳೆ ಇರುತ್ತದೆ. ಒಂದು ಬಿಡಿ ಬಣ್ಣ, ಸುಳ್ಳು ಬೆಳಕು. ಇನ್ನೊಂದು ಬಣ್ಣ ಹತ್ತದ ಬರಿ ಪೆಪ್ಟೈಡ್, ಸುಳ್ಳು ಕತ್ತಲೆ. ಅದು ಗಡ್ಡೆಯ ಮೇಲಿನ ಜಾಗ ಹಿಡಿದು ಕೂತು ಹೊಳೆಯುವವರಿಗೆ ಸ್ಥಳ ಕೊಡುವುದಿಲ್ಲ. 650 ನ್ಯಾನೊಮೀಟರಿನಲ್ಲಿ ಮಾತ್ರ ನೋಡಿದರೆ ಬರಿ ಪೆಪ್ಟೈಡ್ ಕಾಣುವುದೇ ಇಲ್ಲ. 220ರಲ್ಲಿ ಮಾತ್ರ ನೋಡಿದರೆ ಬಿಡಿ ಬಣ್ಣ ಎಷ್ಟೆಂಬ ಲೆಕ್ಕ ಹದತಪ್ಪುತ್ತದೆ. ಎರಡೂ ಚಿತ್ರ ಒಂದೇ ಹಾಳೆಯ ಮೇಲೆ ಬೇಕು. ಬಿಡಿ ಬಣ್ಣ ಸತ್ತ ಜೀವಕೋಶಗಳಿಗೆ, ಪ್ಲಾಸ್ಟಿಕ್ಕಿಗೆ ಅಂಟುತ್ತದೆ. ಎಣ್ಣೆಸ್ವಭಾವದ್ದಾದರೆ ಇಲಿಯ ಪಿತ್ತಜನಕಾಂಗ ಬೆಳಗುತ್ತದೆ, ಸಲ್ಫೋ ಗುಂಪುಗಳಿದ್ದರೆ ಮೂತ್ರಪಿಂಡ. ಆಮೇಲೆ ‘ಗಡ್ಡೆಯಲ್ಲಿ ಸಂಕೇತ ಕಂಡಿತು’ ಎಂಬ ವಾಕ್ಯಕ್ಕೆ ಏನರ್ಥ? ಗ್ಲೈಸಿನ್ ಜಾಗದಲ್ಲಿ ಅಲನಿನ್ ಇಟ್ಟ ಸುಳ್ಳು ಪೆಪ್ಟೈಡಿಗೂ ಅದೇ ಬಣ್ಣ ಕಟ್ಟಿ ಹಾಕಬೇಕು, ಮತ್ತು ಬಣ್ಣವಿಲ್ಲದ ಅಸಲಿ ಪೆಪ್ಟೈಡನ್ನು ಐವತ್ತು ನೂರು ಪಟ್ಟು ಸುರಿದಾಗ ಹೊಳಪು ಇಳಿಯಬೇಕು. ಈ ಎರಡೂ ಇಲ್ಲದ ವರದಿಗೆ ಮುಂದಿನ ಕಂತು ತಡೆಹಿಡಿದರೆ ಯಾರಿಗೂ ಅನ್ಯಾಯವಾಗದು.

ಸಾಂದ್ರತೆಯನ್ನೂ ತಕ್ಕಡಿಯಿಂದಲ್ಲ, ಬೆಳಕಿನಿಂದ ಅಳೆಯಬೇಕು. ಸೈ5ಗೆ ಹೀರುವಿಕೆಯ ಗುಣಾಂಕ ಸುಮಾರು 2,50,000. ‘1 ಮಿಲಿಮೋಲಾರ್’ ಎಂದು ಚೀಟಿ ಅಂಟಿಸಿದ ದ್ರಾವಣದ 1 ಮೈಕ್ರೋಲೀಟರನ್ನು 1 ಮಿ.ಲೀ.ಗೆ ಹಾಕಿದರೆ 0.25 ತೋರಿಸಬೇಕು. 0.15 ತೋರಿಸಿದರೆ ಇರುವುದು 0.6 ಮಿಲಿಮೋಲಾರ್ ಮಾತ್ರ. ಈ ಅಳತೆಗೆ ಸಾಮಾನ್ಯ ಸ್ಪೆಕ್ಟ್ರೋಫೋಟೋಮೀಟರ್ ಸಾಕು, ಐದು ನಿಮಿಷ ಸಾಕು. ಇಂಡೋಸಯನೀನ್ ಗ್ರೀನ್ ಆದರೆ ಇನ್ನೂ ಎಚ್ಚರ: ನೀರಿನಲ್ಲಿ ಗಟ್ಟಿಯಾಗಿ ಕರಗಿಸಿದರೆ ಅಣುಗಳು ಒಂದರ ಮೇಲೊಂದು ಕೂತು 780ರ ಪೀಕ್ 700ರ ಕಡೆ ಸರಿಯುತ್ತದೆ, ಹೊಳಪು ಕುಗ್ಗುತ್ತದೆ. ಕರಗಿಸಿದ ಆರು ಗಂಟೆಯೊಳಗೆ ಬಳಸಿ ಎಂದು ಅದರ ಔಷಧದ ಚೀಟಿಯೇ ಹೇಳುತ್ತದೆ. ನಿನ್ನೆ ಕರಗಿಸಿದ್ದನ್ನು ಇಂದು ಬಳಸುವುದು ಉಳಿತಾಯವಲ್ಲ.

ಖರೀದಿ ಸಮಿತಿಗಳಿಗೆ ಪ್ರತ್ಯೇಕವಾಗಿ ಹೇಳಬೇಕಾದ್ದಿದೆ. ಅತಿ ಕಡಿಮೆ ದರದವರಿಗೆ ಆರ್ಡರ್ ಎನ್ನುವ ನಿಯಮದ ಮೇಲೆ ನಮ್ಮ ತಕರಾರಿಲ್ಲ; ಟೆಂಡರಿನಲ್ಲಿ ‘ಎಫ್‌ಮಾಕ್ ಅಮೈನೊ ಆಮ್ಲ, 25 ಗ್ರಾಂ’ ಎಂದಷ್ಟೇ ಬರೆಯುವುದರ ಮೇಲೆ ಇದೆ. ಎಚ್‌ಪಿಎಲ್‌ಸಿ ಶೇ 99, ಡಿ-ಎಲ್ (ಎಡ-ಬಲ) ಶುದ್ಧತೆ ಶೇ 99.5, ಅಸಿಟಿಕ್ ಆಮ್ಲ ಶೇ 0.02ಕ್ಕಿಂತ ಕಡಿಮೆ ಎಂದು ಬರೆಯಿರಿ. ಆ ಕೊನೆಯದನ್ನು ಬಿಟ್ಟರೆ, ಉಳಿದುಕೊಂಡ ಅಸಿಟಿಕ್ ಆಮ್ಲ ಸರಪಳಿಯ ತುದಿಗೆ ಮುಚ್ಚಳ ಹಾಕಿಬಿಡುತ್ತದೆ. 42 ಹೆಚ್ಚಿರುವ ತುಂಡು ಪೆಪ್ಟೈಡುಗಳು ಸಾಲಾಗಿ ಬರುತ್ತವೆ. ಸಿದ್ಧ ಪೆಪ್ಟೈಡ್ ಕೊಳ್ಳುವಾಗ ‘10 ಮಿ.ಗ್ರಾಂ’ ಎಂದರೆ ಒಟ್ಟು ಪುಡಿಯೋ, ಟಿಎಫ್‌ಎ ಮತ್ತು ನೀರು ಕಳೆದ ನಿವ್ವಳ ಪೆಪ್ಟೈಡೋ ಎಂದು ಸ್ಪಷ್ಟಪಡಿಸಿ. ಒಬ್ಬರು ಒಟ್ಟಿಗೆ, ಇನ್ನೊಬ್ಬರು ನಿವ್ವಳಕ್ಕೆ ದರ ಹಾಕಿದ್ದರೆ ಹೋಲಿಕೆಯೇ ಸುಳ್ಳು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವಂತೆ, ಮಂಜೂರಾದ ಹಣ ಕೈಗೆ ಬರುವ ಹೊತ್ತಿಗೆ ಫೆಬ್ರವರಿ ಆಗಿರುತ್ತದೆ. ಮಾರ್ಚ್ 31ರೊಳಗೆ ಖರ್ಚು ತೋರಿಸಬೇಕೆಂದು ವರ್ಷದ ಬಣ್ಣವನ್ನೆಲ್ಲ ಒಟ್ಟಿಗೆ ತರಿಸುತ್ತಾರೆ. ಎನ್‌ಎಚ್‌ಎಸ್ ಎಸ್ಟರ್ ಅಕ್ಕಿಮೂಟೆಯಲ್ಲ. ತೇವ ತಾಗಿದರೆ ಆಯಿತು, ಪ್ರತಿ ಸಲ ಮುಚ್ಚಳ ತೆರೆದಾಗಲೂ ಆಯುಷ್ಯ ಕಡಿಮೆ. 1 ಮಿ.ಗ್ರಾಂ, 5 ಮಿ.ಗ್ರಾಂ ಶೀಶೆಗಳಲ್ಲಿ ಬೇಕಾದಾಗ ತರಿಸಿಕೊಳ್ಳಲು ವಾರ್ಷಿಕ ದರ ಒಪ್ಪಂದ ಮಾಡಿಕೊಡಿ. ಕೇಂದ್ರ ಸರ್ಕಾರ 2025ರ ಜೂನ್‌ನಲ್ಲಿ ವೈಜ್ಞಾನಿಕ ಸಂಸ್ಥೆಗಳ ಖರೀದಿ ನಿಯಮ ಸಡಿಲಿಸಿ, ನೇರ ಖರೀದಿಯ ಮಿತಿಯನ್ನು 1 ಲಕ್ಷದಿಂದ 2 ಲಕ್ಷಕ್ಕೆ ಏರಿಸಿತು. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳು ಸರ್ಕಾರಿ ಖರೀದಿಗಳ 1999ರ ಪಾರದರ್ಶಕತೆ ಕಾಯ್ದೆಯಡಿ ನಡೆಯುತ್ತವೆ. ಸಂಶೋಧನೆಯ ರಾಸಾಯನಿಕಗಳಿಗೆ ಅದರಲ್ಲೂ ಇಂಥದೊಂದು ದಾರಿ ತೆರೆಯಬೇಕು.

ಹೊಸ ಕಟ್ಟಡ ಬೇಡ. ತಳಪಾಯದ ಕಲ್ಲೂ ಬೇಡ. ಮಾಸ್ ಸ್ಪೆಕ್ಟ್ರಮ್ ತೆಗೆಯಲು ಬೆಂಗಳೂರಿನ ಸಿ-ಕ್ಯಾಂಪ್‌ನಂಥ ಸೇವಾಕೇಂದ್ರ 2009ರಿಂದ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ. ಬಲರಾಮ್ ಅವರಂಥವರು ದಶಕಗಳ ಕಾಲ ಪೆಪ್ಟೈಡ್ ಕೆಲಸ ಮಾಡಿದ ಊರು ಇದು, ತಿಳಿದವರಿಗೆ ಬರವಿಲ್ಲ. ಬೇಕಿರುವುದು ಇರುವ ಯಾವುದಾದರೊಂದು ಪ್ರಯೋಗಾಲಯದಲ್ಲಿ ಒಂದು ಪೆಪ್ಟೈಡ್ ಸಿಂಥಸೈಸರ್, ಒಂದು ದೊಡ್ಡ ಕಾಲಂನ ಎಚ್‌ಪಿಎಲ್‌ಸಿ, ಯುಪಿಎಸ್ ಇರುವ ಒಂದು ಲಯೊಫಿಲೈಸರ್ (ಹೆಪ್ಪುಗಟ್ಟಿಸಿ ಒಣಗಿಸುವ ಯಂತ್ರ). ಯುಪಿಎಸ್ ಎಂಬ ಮಾತನ್ನು ಹೊಡೆದುಹಾಕಬೇಡಿ: ನಡುರಾತ್ರಿ ಕರೆಂಟು ಹೋದರೆ ಹೆಪ್ಪುಗಟ್ಟಿದ ದ್ರಾವಣ ಕರಗಿ, ನೊರೆಯುಕ್ಕಿ, ಮೂರು ವಾರದ ಕೆಲಸ ಪಂಪಿನೊಳಗೆ ಹೋಗುತ್ತದೆ. ಜೊತೆಗೆ ಇಬ್ಬರು ಕಾಯಂ ತಂತ್ರಜ್ಞರು ಬೇಕು. ಹನ್ನೊಂದು ತಿಂಗಳ ಗುತ್ತಿಗೆಯವರು ನಿನ್‌ಹೈಡ್ರಿನ್‌ನ ನೀಲಿಯನ್ನು ಕಣ್ಣಳತೆಯಲ್ಲಿ ಗುರುತಿಸಲು ಕಲಿಯುವ ಹೊತ್ತಿಗೆ ಅವಧಿ ಮುಗಿದಿರುತ್ತದೆ.

ಅವರ ಸುರಕ್ಷತೆಗೂ ಒಂದು ಸಾಲು ಹಣ ಇಡಿ. ಮೇಲೆ ಹೇಳಿದ ಸುಮಾರು 20 ಮಿ.ಗ್ರಾಂ ಪೆಪ್ಟೈಡಿಗೆ ಲೀಟರಿನ ಮೂರನೇ ಒಂದು ಭಾಗಕ್ಕೂ ಹೆಚ್ಚು ಡಿಎಂಎಫ್ ಖರ್ಚಾಗುತ್ತದೆ. ಅದು ಯಕೃತ್ತಿಗೆ ಕೆಟ್ಟದ್ದು, ತೆಳು ನೈಟ್ರೈಲ್ ಗ್ಲೌಸಿನ ಮೂಲಕ ಒಳಗಿಳಿಯುತ್ತದೆ. ಯುರೋಪಿನಲ್ಲಿ 2023ರ ಡಿಸೆಂಬರ್‌ನಿಂದ ಅದರ ಬಳಕೆಗೆ ಕಟ್ಟುಪಾಡು ಬಂದಿದೆ. ಎಚ್‌ಬಿಟಿಯು, ಅದರ ಜಾತಿಯದೇ ಆದ ಎಚ್‌ಎಟಿಯು ಪುಡಿಗಳು ಕೆಲವರಿಗೆ ಅಲರ್ಜಿ ಹಚ್ಚುತ್ತವೆ, ಒಮ್ಮೆ ಹತ್ತಿದರೆ ಬಿಡುವುದಿಲ್ಲ. ಕ್ಲೋರಿನ್ ಇರುವ, ಇಲ್ಲದ ತ್ಯಾಜ್ಯಗಳು ಬೇರೆಬೇರೆ ಕ್ಯಾನಿಗೆ ಹೋಗಬೇಕು, ಸಿಂಕಿಗೆ ಅಲ್ಲವೇ ಅಲ್ಲ.

ಮುಂದಿನ ಸಲ ಅರ್ಜಿ ಕರೆಯುವಾಗ ನಮೂನೆಗೆ ಒಂದೇ ಪುಟ ಸೇರಿಸಿ. ಅದರಲ್ಲಿ ಇವಿಷ್ಟು ಇರಲಿ: ಸಂಯುಕ್ತವನ್ನು ತಯಾರಿಸುವವರು ಯಾರು, ತಪಾಸಣೆ ಮಾಡುವವರು ಯಾರು, 220ರಲ್ಲೂ ಬಣ್ಣದ ತರಂಗಾಂತರದಲ್ಲೂ ಎಚ್‌ಪಿಎಲ್‌ಸಿ ಚಿತ್ರ, ಹಿಗ್ಗಿಸಿದ ಮಾಸ್ ಪೀಕ್, ಬಿಡಿ ಬಣ್ಣ ಶೇಕಡಾ ಎಷ್ಟು, ನಿವ್ವಳ ಪೆಪ್ಟೈಡ್ ಎಷ್ಟು, ಯಾವ ದಿನ ತಯಾರಾಯಿತು, ಎಷ್ಟು ಸಲ ಕರಗಿಸಿ ಮತ್ತೆ ಹೆಪ್ಪುಗಟ್ಟಿಸಲಾಯಿತು. ಮೊದಲ ಕಂತಿನ ವರದಿಯ ಜೊತೆ ಈ ಪುಟ ತುಂಬಿ ಬರದಿದ್ದರೆ ಮೈಕ್ರೋಸ್ಕೋಪಿನ ಕಡತವನ್ನು ಅಲ್ಲಿಗೇ ನಿಲ್ಲಿಸಿ.

ಇತಿ ತಮ್ಮ ವಿಶ್ವಾಸಿಗಳು,
ಪೆಪ್ಟೈಡ್ ಮತ್ತು ಬಣ್ಣ ತಯಾರಿಕೆಯಲ್ಲಿ ತೊಡಗಿರುವ ಕೆಲವು ರಸಾಯನಶಾಸ್ತ್ರಜ್ಞರು ಮತ್ತು ಪ್ರಯೋಗಾಲಯ ತಂತ್ರಜ್ಞರು